ಮಣ್ಣಿನ ಭಂಡಾರ

2025ರ ಜುಲೈ 24ರ ಭೀಮನ ಅಮಾವಾಸ್ಯೆಗೆ ನನ್ನ ಒಂಬತ್ತನೇ ವರ್ಷದ ವ್ರತ ಮುಗಿಯಿತು. ಒಂಬತ್ತು ಗಂಟಿನ ಅರಿಶಿನದ ದಾರ ಇನ್ನೂ ಬಲಗೈಯಲ್ಲಿದೆ. ಜ್ಯೋತಿರ್ಭೀಮೇಶ್ವರನಿಗೆ ಕೈಮುಗಿದು ನಾಲ್ಕನೇ ವರ್ಷದ ಪೂಜೆಯ ಬಗ್ಗೆ ಬರೆಯುತ್ತಿದ್ದೇನೆ. ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

ಅದು 2020. ಜೂನ್ 15ರ ರಾತ್ರಿ ಲಡಾಖಿನ ಗಲ್ವಾನ್ ಕಣಿವೆಯಲ್ಲಿ ಚೀನಾ ಪಡೆಯೊಂದಿಗಿನ ಘರ್ಷಣೆಯಲ್ಲಿ ನಮ್ಮ 20 ಯೋಧರು ಪ್ರಾಣ ಕೊಟ್ಟರು. ಕೆಲವೇ ದಿನಗಳಲ್ಲಿ ನಮ್ಮವರ ತುಕಡಿಗೂ ಲಡಾಖಿಗೆ ಹೊರಡಲು ಆದೇಶ ಬಂತು. ಫೋನಿನಲ್ಲಿ ಅವರು ಹೇಳಿದ್ದು ಇಷ್ಟೇ: "ಮೇಲಕ್ಕೆ ಹೋಗ್ತಿದೀವಿ, ಅಲ್ಲಿ ಸಿಗ್ನಲ್ ಸಿಗಲ್ಲ. ಅಮ್ಮನ ಮಾತ್ರೆ ಮರೀಬೇಡ."

ಆ ರಾತ್ರಿ ಅವರ ಸಾಹೇಬರಿಗೆ ಒಂದು ಕಾಗದ ಬರೆದೆ. ವಯಸ್ಸಾದ ತಾಯಿ, ಒಬ್ಬನೇ ಮಗ, ಮದುವೆಯಾಗಿ ಮೂರು ವರ್ಷ. ಮುಂದಿನ ಸಾಲಿಗೆ ಬೇಡ ಸ್ವಾಮಿ, ಹಿಂದೆ ಸಾಮಾನು ಸಾಗಿಸುವ ಕೆಲಸಕ್ಕಾದರೂ ಇಟ್ಟುಕೊಳ್ಳಿ ಅಂತ. ವಿಳಾಸದ ಕೊನೆಗೆ ಸೇನಾ ಅಂಚೆಯ '56 ಎ.ಪಿ.ಓ.' ಎಂದು ಬರೆಯುವಾಗ ಕೈ ನಿಂತಿತು. ಊರಿನ ಹೆಸರೇ ಇಲ್ಲದ ಈ ವಿಳಾಸಕ್ಕೆ ಎಷ್ಟು ಮನೆಗಳ ಕಾಗದ ಹೋಗುತ್ತವೋ! ಇವರನ್ನು ಬಿಟ್ಟರೆ ಆ ಜಾಗಕ್ಕೆ ಇನ್ನೊಂದು ಮನೆಯವರು ಹೋಗಬೇಕು. ಕಾಗದ ಮಡಿಸಿ ದೇವರ ಪಟದ ಹಿಂದೆ ಸಿಕ್ಕಿಸಿದೆ. ಸಾಹೇಬರ ಹತ್ತಿರ ಕೇಳಲಾಗದ್ದನ್ನು ಶಿವನ ಹತ್ತಿರ ಕೇಳಬಹುದಲ್ಲ.

ಆ ವರ್ಷ ಅಮಾವಾಸ್ಯೆ ಬಂದಿದ್ದು ಜುಲೈ 20ರ ಸೋಮವಾರ. ಬೆಂಗಳೂರಿಗೆ 22ರ ಬೆಳಗಿನವರೆಗೂ ಲಾಕ್‌ಡೌನ್. ಪ್ರತಿವರ್ಷ ಭಂಡಾರ, ಅಂದರೆ ನಾಣ್ಯ ಒಳಗಿಟ್ಟ ಕಡುಬು, ಒಡೆಯಲು ತಿಪಟೂರಿನಿಂದ ಬರುತ್ತಿದ್ದ ಅಣ್ಣ ಬರುವ ಹಾಗಿರಲಿಲ್ಲ. ಪಾದಪೂಜೆಗೆ ಗಂಡ ಇಲ್ಲ, ಭಂಡಾರಕ್ಕೆ ಅಣ್ಣ ಇಲ್ಲ.

ನಮ್ಮಜ್ಜಿ ಈ ವ್ರತದ ಕಥೆ ಹೇಳುವ ರೀತಿಯೇ ಬೇರೆ. ಹಿತ್ತಲಿನಿಂದ ಹಸಿಮಣ್ಣು ತಂದು ಹೆಣ್ಣುಮಕ್ಕಳ ಅಂಗೈಯಲ್ಲಿ ಒಂದೊಂದು ಉಂಡೆ ಇಡುತ್ತಿದ್ದಳು. "ಮುಚ್ಕೊಳ್ರೇ ಕೈಯ. ಆ ಹುಡುಗಿ ಹತ್ರ ಇದ್ದಿದ್ದು ಇಷ್ಟೇ." ಕಥೆ ಮುಗಿಯುವವರೆಗೂ ಬಿಡುವಂತಿರಲಿಲ್ಲ. ಮೊದಲು ತಣ್ಣಗೆ ಕೊರೆಯುತ್ತಿದ್ದ ಮಣ್ಣು ಆಮೇಲೆ ನಮ್ಮದೇ ಕಾವಿಗೆ ಬೆಚ್ಚಗಾಗಿ, ಬೆರಳ ಸಂದಿಯಿಂದ ಜಿನುಗಿ, ಕೊನೆಗೆ ಕೈಯ ಗೆರೆಗಳಲ್ಲಿ ಒಣಗಿ ಬಿಗಿಯುತ್ತಿತ್ತು. ಸತ್ತ ರಾಜಕುಮಾರನಿಗೆ ಧಾರೆಯೆರೆದು ಕೊಟ್ಟ ಹುಡುಗಿ. ಮಳೆ ಬಂತೆಂದು ಎಲ್ಲರೂ ಹೊರಟುಹೋದ ಮೇಲೆ ಭಾಗೀರಥಿಯ ದಡದಲ್ಲಿ ಒಬ್ಬಳೇ ಹೆಣದ ಪಕ್ಕ ಕೂತು, ಮಣ್ಣಿನ ದೀಪ, ಮಣ್ಣಿನ ಕಡುಬು ಮಾಡಿದವಳು. ಅಜ್ಜಿ ಹೋಗಿ ಹದಿನಾರು ವರ್ಷವಾಯಿತು. ಅವಳ ಮುಖಕ್ಕಿಂತ ಆ ಮಣ್ಣಿನ ತಂಪೇ ನನಗೆ ಚೆನ್ನಾಗಿ ನೆನಪಿದೆ.

ಆ ಸೋಮವಾರ ತುಳಸಿಕಟ್ಟೆಯ ಮಣ್ಣು ಕಲಸಿದೆ. ಅತ್ತೆ ಅಡುಗೆಮನೆಯಲ್ಲಿ ತಂಬಿಟ್ಟಿನ ದೀಪ ಮಾಡುತ್ತಿದ್ದರು, ಏನೂ ಅನ್ನಲಿಲ್ಲ. ಒಂದು ರೂಪಾಯಿ ಒಳಗಿಟ್ಟು ಮಣ್ಣಿನ ಕಡುಬೊಂದನ್ನು ಮುಚ್ಚಿದೆ. ದೀಪ ಹಚ್ಚಿ, ಅವರ ಫೋಟೋಗೆ ಪಾದಪೂಜೆ ಮಾಡಿ, ಅತ್ತೆಗೆ ಕಥೆ ಓದಿ ಹೇಳಿದೆ. ಓದುವಾಗಲೇ ಹೊಳೆದದ್ದು: ಆ ಹುಡುಗಿ ಶಿವಪಾರ್ವತಿಯರ ಹತ್ತಿರ ಗಂಡನನ್ನು ಬದುಕಿಸಿ ಅಂತ ಮೊದಲು ಕೇಳಲೇ ಇಲ್ಲ. ಮಾರುವೇಷದಲ್ಲಿ ದಾರಿಯಲ್ಲಿ ಬಂದ ಆ ದಂಪತಿಯ ಮುಂದೆ ಅವಳು ತೋಡಿಕೊಂಡದ್ದು, ಭಂಡಾರ ಒಡೆಯಲು ಅಣ್ಣತಮ್ಮಂದಿರು ಯಾರೂ ಇಲ್ಲ ಅನ್ನುವ ದುಃಖ. ಅಷ್ಟಕ್ಕೇ ಶಿವ ಬಗ್ಗಿದ. ಮಿಕ್ಕದ್ದನ್ನು ತಾನೇ ಕೊಟ್ಟ.

ನಾನು ಮಾತ್ರ ದೊಡ್ಡದನ್ನೇ ಕೇಳಿಕೊಂಡೆ, ಅತ್ತೆಯ ಎದುರಿಗೇ, ಬಾಯಿಬಿಟ್ಟು: "ಅವರನ್ನ ಮುಂದಕ್ಕೆ ಕಳಿಸಬೇಡಪ್ಪ." ಯೋಧನ ತಾಯಿ, ಬೈಯುತ್ತಾರೆ ಅಂದುಕೊಂಡಿದ್ದೆ. "ಇನ್ನೊಂದ್ಸಲ ಹೇಳು ಅಮ್ಮಣ್ಣಿ, ನನ್ನ ಕೈಲಿ ಹೇಳಕ್ಕಾಗಲ್ಲ" ಅಂದರು.

ಕಡುಬನ್ನು ಹೊರಬಾಗಿಲ ಮೆಟ್ಟಿಲ ಮೇಲಿಟ್ಟು ಒಳಗೆ ಬಂದೆ. ಸಂಜೆ ಮಳೆ ಬಂತು, ಗಾಳಿಗೆ ಇರಚಲು ಹೊಡೆಯಿತು. ದೀಪ ಹಚ್ಚುವ ಹೊತ್ತಿಗೆ ಬಾಗಿಲು ತೆಗೆದರೆ ಕಡುಬು ಕರಗಿ ಬಿರಿದಿತ್ತು, ನಡುವೆ ರೂಪಾಯಿ ಹೊಳೆಯುತ್ತಿತ್ತು. "ಬಂದಿದ್ನಲ್ಲೇ!" ಅಂತ ಅತ್ತೆ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟರು.

ನಮ್ಮವರು ಹೋಗುವುದು ನಿಲ್ಲಲಿಲ್ಲ. ಮುಂದಿನ ಸಾಲಿಗೇ ಹೋದರು, ಪೂರ್ವ ಲಡಾಖಿನಲ್ಲೇ ಆ ಚಳಿಗಾಲ ಪೂರ್ತಿ ಕಳೆದರು. 2021ರ ಫೆಬ್ರವರಿಯಲ್ಲಿ ಪ್ಯಾಂಗಾಂಗ್ ಸರೋವರದ ದಂಡೆಯಿಂದ ಎರಡೂ ಕಡೆಯ ಪಡೆಗಳು ಹಿಂದೆ ಸರಿದವು, ಏಪ್ರಿಲ್‌ನಲ್ಲಿ ಮನೆಗೆ ಬಂದರು. ಚಳಿಗೆ ಕಾಲ್ಬೆರಳುಗಳು ಕಪ್ಪಾಗಿದ್ದವು. ಆ ವರ್ಷದ ಪಾದಪೂಜೆಯಲ್ಲಿ ಒಂದೊಂದು ಬೆರಳಿಗೂ ಬೇರೆಬೇರೆ ಅರಿಶಿನ ಹಚ್ಚಿದೆ. ಗಲ್ವಾನಿನ ಆ 20 ಮನೆಗಳಲ್ಲೂ ಹೀಗೆಯೇ ಬೇಡಿಕೊಂಡವರು ಇದ್ದಿರಬೇಕು. ಅದನ್ನು ನೆನೆದರೆ ನನ್ನ ಕೃತಜ್ಞತೆ ಗಂಟಲಲ್ಲೇ ನಿಲ್ಲುತ್ತದೆ.

ಈಗ ಪಾದಪೂಜೆಯ ಫೋಟೋ ಎಲ್ಲರ ಸ್ಟೇಟಸ್‌ನಲ್ಲೂ ಇರುತ್ತದೆ, ಕಥೆ ಓದುವವರು ಕಡಿಮೆ. ದಾರ ಸಿದ್ಧ, ದೀಪ ಸಿದ್ಧ, ಹತ್ತು ನಿಮಿಷದಲ್ಲಿ ಎಲ್ಲಾ ಮುಗಿಯಿತು. ನೋವಾಗುತ್ತದೆ. ಕಥೆ ಓದಿ ಅಮ್ಮಂದಿರೇ, ಮಕ್ಕಳ ಕೈಗೆ ಒಂದು ಹಿಡಿ ಮಣ್ಣು ಕೊಡಿ.

ಈ ಸಲ ಅವರು ಮತ್ತೆ ಗಡಿಯಲ್ಲಿದ್ದಾರೆ. ಅಣ್ಣ ಬಂದು ಮೊಣಕೈಯಿಂದ ಭಂಡಾರ ಒಡೆದ. ಪಟದ ಹಿಂದಿನ ಕಾಗದ ಹಾಗೇ ಇದೆ, ಅದೇ ಬೇಡಿಕೆಯನ್ನು ಮತ್ತೆ ಮುಂದಿಟ್ಟೆ. "ಒಂಬತ್ತು ತುಂಬಿತು, ಉದ್ಯಾಪನೆ ಮಾಡೋಣ" ಅಂದರು ಅತ್ತೆ.

"ಅವರು ಪಿಂಚಣಿಗೆ ಬರಲಿ ಅತ್ತೆ, ಆಮೇಲೆ ಮಾಡೋಣ" ಅಂದೆ.