ಉಳುಕಿದ ಬೆರಳಿನ ಗೆಣ್ಣು ಯಾವ ಕಡೆಗೆ ಸಡಿಲ?

ನಮ್ಮ ಹಾಸನ, ಚಿಕ್ಕಮಗಳೂರು ಕಡೆ ಬೆರಳಿಗೆ ಏನಾದರೂ ಹೇಳುವುದು ಒಂದೇ ಮಾತು: ಉಳುಕಿದೆ. ವಾಲಿಬಾಲ್ ಬ್ಲಾಕ್ ಮಾಡುವಾಗ ಚೆಂಡು ಬೆರಳ ತುದಿಗೆ ಬಡಿದರೂ ಉಳುಕು, ದನ ಹಗ್ಗ ಜಗ್ಗಿ ಹೆಬ್ಬೆರಳು ಆಚೆಗೆ ಹೋದರೂ ಉಳುಕು. ಎಳೆದು, ಎಣ್ಣೆ ತಿಕ್ಕಿ, ಬಿದಿರು ದಬ್ಬೆ ಇಟ್ಟು ಕಟ್ಟುವುದೂ ಎಲ್ಲಕ್ಕೂ ಒಂದೇ ಥರ. ಊತ ನೋಡಿ ಈ ಪೆಟ್ಟನ್ನು ಅಳೆಯಲು ಬರುವುದಿಲ್ಲ. ಗೆಣ್ಣು ಯಾವ ಕಡೆಗೆ ಸಡಿಲವಾಗಿದೆ ಎಂದು ತಿಳಿದರೆ ಮುಂದಿನ ದಾರಿ ಸಿಗುತ್ತದೆ.

ಹೆಚ್ಚು ಪೆಟ್ಟು ತಿನ್ನುವುದು ನಡುಗೆಣ್ಣು. ಅದನ್ನು ಮುಚ್ಚಳವಿಲ್ಲದ ಪೆಟ್ಟಿಗೆ ಅಂದುಕೊಳ್ಳಿ. ಎಡಬಲಗಳ ಗೋಡೆ ಎರಡು ಲಿಗಮೆಂಟುಗಳು, ಅಂದರೆ ಮೂಳೆಗೆ ಮೂಳೆ ಕಟ್ಟುವ ಪಟ್ಟಿಗಳು. ಅಂಗೈ ಕಡೆಯ ತಳ ವೋಲಾರ್ ಪ್ಲೇಟ್ ಎಂಬ ದಪ್ಪ ಪಟ್ಟಿ. ಒಂದೇ ಗೋಡೆ ಹರಿದರೆ ಗೆಣ್ಣು ಪೂರ್ತಿ ಜಾರುವುದಿಲ್ಲ. ಜಾರಿ ಬಂದಿದೆ ಎಂದರೆ ಕನಿಷ್ಠ ಎರಡು ಕಡೆ ಹರಿದಿದೆ.

ಪರೀಕ್ಷೆಯಲ್ಲಿ ಮೊದಲ ಸರದಿ ರೋಗಿಯದು. ತಾನೇ ಬೆರಳನ್ನು ಪೂರ್ತಿ ಮಡಚಿ ಚಾಚಿದಾಗ ಗೆಣ್ಣು ಜಾರದಿದ್ದರೆ ಕೆಲಸಕ್ಕೆ ಬೇಕಾದಷ್ಟು ಗಟ್ಟಿಯಿದೆ ಎಂದರ್ಥ. ಆಮೇಲೆ ವೈದ್ಯರು ಬೆರಳನ್ನು ನೇರವಾಗಿಟ್ಟು ಒಮ್ಮೆ, 30 ಡಿಗ್ರಿ ಮಡಚಿ ಒಮ್ಮೆ, ಪಕ್ಕಕ್ಕೆ ಮೆಲ್ಲಗೆ ಒತ್ತಿ ಇನ್ನೊಂದು ಕೈಯ ಅದೇ ಬೆರಳಿನ ಜತೆ ಹೋಲಿಸುತ್ತಾರೆ. 20 ಡಿಗ್ರಿಗಿಂತ ಹೆಚ್ಚು ತೆರೆದುಕೊಂಡು, ಕೊನೆಯಲ್ಲಿ ತಡೆಯೇ ಸಿಗದಿದ್ದರೆ ಆ ಲಿಗಮೆಂಟ್ ಪೂರ್ತಿ ಹರಿದಿರುತ್ತದೆ.

ಎಕ್ಸ್‌ರೇ ತೆಗೆಸುವಾಗ ‘ಆ ಬೆರಳೊಂದರದ್ದೇ, ಪಕ್ಕದಿಂದ’ ಎಂದು ಕೇಳಿ. ಇಡೀ ಅಂಗೈಯನ್ನು ಪಕ್ಕದಿಂದ ತೆಗೆದರೆ ಬೆರಳುಗಳು ಒಂದರ ಮೇಲೊಂದು ಬಿದ್ದು, ಮೂಳೆಯ ಬುಡದಲ್ಲಿ ಕಿತ್ತುಬಂದ ಚೂರು ಕಾಣುವುದೇ ಇಲ್ಲ. ಆ ಚೂರು ಬುಡದ ಶೇಕಡಾ 40ಕ್ಕಿಂತ ದೊಡ್ಡದಾದರೆ ಗೆಣ್ಣು ತನ್ನಷ್ಟಕ್ಕೆ ನಿಲ್ಲುವುದು ಕಷ್ಟ.

ಗಟ್ಟಿಯಾಗಿರುವ ಗೆಣ್ಣಿಗೆ ಪಕ್ಕದ ಬೆರಳೇ ಆಸರೆ. ಯಾವ ಬದಿಯ ಲಿಗಮೆಂಟ್ ನೊಂದಿದೆಯೋ ಆ ಬದಿಯ ಬೆರಳಿಗೆ ಸೇರಿಸಬೇಕು. ಮಧ್ಯೆ ತೆಳುವಾದ ಗಾಜ್ ಬಟ್ಟೆ ಇಟ್ಟು, ಅರ್ಧ ಇಂಚಿನ ಟೇಪನ್ನು ಗೆಣ್ಣಿನಿಂದ ಉಗುರಿನ ಕಡೆ ಒಂದು ಸುತ್ತು, ಅಂಗೈ ಕಡೆ ಒಂದು ಸುತ್ತು ಹಾಕಿ. ಗೆಣ್ಣಿನ ಮೇಲೇ ಟೇಪು ಬಂದರೆ ಬೆರಳು ಮಡಚಲಾಗದು, ಕಟ್ಟಿದ ಉದ್ದೇಶವೇ ಕೆಟ್ಟಿತು. ಉಗುರು ಒತ್ತಿ ಬಿಟ್ಟಾಗ ಎರಡು ಸೆಕೆಂಡಿನಲ್ಲಿ ಕೆಂಪು ಮರಳಬೇಕು. ಉಂಗುರವಿದ್ದರೆ ಊತ ಏರುವ ಮೊದಲೇ ತೆಗೆಯಿರಿ. ಮಲೆನಾಡಿನ ಮಳೆಗಾಲದಲ್ಲಿ ಒದ್ದೆ ಗಾಜ್ ಒಳಗೇ ಉಳಿದು ಚರ್ಮ ಬೆಳ್ಳಗೆ ನೆನೆದು ಒಡೆಯುತ್ತದೆ. ದಿನಕ್ಕೊಮ್ಮೆ ಬದಲಿಸಿ, ಒರೆಸಿ ಒಣಗಿಸಿ.

ಹಿಂದಕ್ಕೆ ಬಾಗಿ ತಳ ಹರಿದಿದ್ದರೆ ಬೆರಳ ಬೆನ್ನಿಗೆ ಅಲ್ಯೂಮಿನಿಯಂ ಪಟ್ಟಿ ಬೇಕು. 20ರಿಂದ 30 ಡಿಗ್ರಿ ಬಗ್ಗಿಸಿ ಕಟ್ಟಿದರೆ ಚಾಚಲು ತಡೆಯಿರುತ್ತದೆ, ಮಡಚಲು ಬಿಡುವಿರುತ್ತದೆ. ವಾರ ವಾರ ಬಾಗು ಕಡಿಮೆ ಮಾಡುತ್ತಾರೆ. ದಬ್ಬೆ ಕಟ್ಟಿ ತಿಂಗಳುಗಟ್ಟಲೆ ಬಿಡುವುದಂತೂ ಬೇಡವೇ ಬೇಡ. ನಡುಗೆಣ್ಣು ಬೇಗ ಬಿಗಿಯುತ್ತದೆ. ಬಿಗಿದ ಗೆಣ್ಣನ್ನು ಬಿಡಿಸುವುದು ಸಡಿಲ ಗೆಣ್ಣನ್ನು ನಿಲ್ಲಿಸುವುದಕ್ಕಿಂತ ಕಷ್ಟ. ಅಂಗೈ ಹತ್ತಿರದ ಬುಡದ ಗೆಣ್ಣನ್ನಂತೂ ನೇರವಾಗಿ ಕಟ್ಟಬಾರದು, ಅದರ ಲಿಗಮೆಂಟುಗಳು ಮಡಚಿದಾಗ ಮಾತ್ರ ಪೂರ್ತಿ ಚಾಚಿರುತ್ತವೆ. ನೇರ ಕಟ್ಟಿದರೆ ಅವು ಕುಗ್ಗಿ, ಆಮೇಲೆ ಮುಷ್ಟಿ ಹಿಡಿಯಲಾಗದು. ಆ ಗೆಣ್ಣು ಜಾರಿದ್ದರೆ ಎಳೆಯಲೂ ಹೋಗಬೇಡಿ. ಎಳೆದಾಗ ವೋಲಾರ್ ಪ್ಲೇಟ್ ಸಂದಿಯೊಳಗೆ ಸಿಕ್ಕಿಕೊಂಡು, ಆಪರೇಷನ್ ಇಲ್ಲದೆ ಕೂರಿಸಲಾಗದ ಸ್ಥಿತಿ ಬರುತ್ತದೆ.

ಊತಕ್ಕೆ ಹೆದರಬೇಡಿ. ಗೆಣ್ಣು ದಪ್ಪಗಿರುವುದು ಆರು ತಿಂಗಳು, ಕೆಲವೊಮ್ಮೆ ವರ್ಷ.

ಹೆಬ್ಬೆರಳಿನ ಕಥೆ ಬೇರೆ. ಅದರ ಬುಡದ ಗೆಣ್ಣಿನಲ್ಲಿ, ತೋರುಬೆರಳಿನ ಕಡೆಯ ಲಿಗಮೆಂಟ್ ಹೋದರೆ ಚಿವುಟುವ ಹಿಡಿತವೇ ಹೋಗುತ್ತದೆ. ಕಾಫಿ ಹಣ್ಣು ಬಿಡಿಸುವವರಿಗೆ, ಬೀಗದ ಕೈ ತಿರುಗಿಸುವವರಿಗೆ ಅದು ಮೊದಲ ದಿನವೇ ಗೊತ್ತಾಗುತ್ತದೆ. ಬೈಕಿನಿಂದ ಹ್ಯಾಂಡಲ್ ಹಿಡಿದೇ ಬಿದ್ದವರಲ್ಲೂ ಇದು ಆಗುತ್ತದೆ. 1962ರಲ್ಲಿ ಸ್ವೀಡನ್ನಿನ ವೈದ್ಯ ಸ್ಟೆನರ್ ವಿವರಿಸಿದ ತೊಡಕು ಇಲ್ಲಿದೆ: ಹರಿದ ತುದಿ ಮೇಲಕ್ಕೆ ಮಡಚಿ, ಹೆಬ್ಬೆರಳನ್ನು ಒಳಗೆಳೆಯುವ ಸ್ನಾಯುವಿನ ಪದರದ ಹೊರಗೆ ಕೂತುಬಿಡುತ್ತದೆ. ನಡುವೆ ಪದರವಿರುವುದರಿಂದ ಎಷ್ಟು ದಿನ ಕಟ್ಟಿದರೂ ಅದು ಕೂಡಿಕೊಳ್ಳದು. ಗೆಣ್ಣಿನ ಪಕ್ಕದಲ್ಲಿ ಸಣ್ಣ ಗಂಟು ಕೈಗೆ ಸಿಕ್ಕಿದರೆ, ಅಥವಾ ಇನ್ನೊಂದು ಹೆಬ್ಬೆರಳಿಗಿಂತ 15 ಡಿಗ್ರಿ ಹೆಚ್ಚು ತೆರೆದುಕೊಂಡರೆ, ತಿಕ್ಕಿಸಲು ಹೋಗದೆ ಆ ವಾರವೇ ಮೂಳೆ ವೈದ್ಯರಿಗೆ ತೋರಿಸಿ. ಮೊದಲ ಎರಡು ಮೂರು ವಾರಗಳಲ್ಲಿ ಹೊಲಿದು ಜೋಡಿಸುವುದು ಸುಲಭ. ತಡವಾದಂತೆ ತುದಿ ಕುಗ್ಗಿ, ಬೇರೆಡೆಯಿಂದ ಸ್ನಾಯುರಜ್ಜು ತಂದು ಹೊಸದಾಗಿ ಕಟ್ಟಬೇಕಾಗುತ್ತದೆ.