ಗಿಮ್ಮೆಲ್‌ವಾಲ್ಡ್‌ನಲ್ಲಿ ಹುಲ್ಲು ಕೊಯ್ಲಿನ ಕಾಲ

ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ವಿಯೆನ್ನಾಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾವು ಗಂಡ ಹೆಂಡತಿ ಯುರೋಪ್ ಸುತ್ತಿದ ಬೇಸಿಗೆಯಲ್ಲಿ ಅವನ್ನೆಲ್ಲ ನೋಡಿದೆವು, ಚೆನ್ನಾಗಿಯೇ ಇದ್ದವು. ಆದರೆ ನನಗೆ ಬರೆಯಲೇಬೇಕು ಅನ್ನಿಸಿದ್ದು ಸ್ವಿಟ್ಜರ್ಲೆಂಡಿನ ಒಂದು ಪುಟ್ಟ ಹಳ್ಳಿಯ ಬಗ್ಗೆ. ಹೆಸರು ಗಿಮ್ಮೆಲ್‌ವಾಲ್ಡ್. ಸುಮಾರು 1,360 ಮೀಟರ್ ಎತ್ತರದಲ್ಲಿ, ಬೆಟ್ಟದ ಇಳಿಜಾರಿಗೆ ಅಂಟಿಕೊಂಡಿದೆ. ಜನ ನೂರರ ಆಸುಪಾಸು. ಕಾರು ಓಡಾಡುವುದಿಲ್ಲ.

ಅಲ್ಲಿಗೆ ಹೋಗುವ ಮೊದಲು ಒಂದು ಮಾತು ಹೇಳಿಬಿಡುತ್ತೇನೆ, ಇನ್ನೂ ಹೊಟ್ಟೆ ಉರಿಯುತ್ತದೆ. ಯುರೋಪಿನ ಹಲವು ದೇಶಗಳ ರೈಲುಗಳಲ್ಲಿ ನಡೆಯುವ ಯುರೇಲ್ ಪಾಸ್ ಅನ್ನು ನಮಗೆ ಮಾಡಿಸಿಕೊಟ್ಟ ಬೆಂಗಳೂರಿನ ಏಜೆಂಟ್, "ಮೇಡಂ, ಹಳ್ಳಿಯ ಬಾಗಿಲವರೆಗೂ ಇದೇ ಪಾಸ್ ನಡೆಯುತ್ತೆ" ಎಂದಿದ್ದರು. ನಡೆಯುವುದಿಲ್ಲ. ಆ ಪಾಸ್ ಇಂಟರ್‌ಲಾಕೆನ್ ಓಸ್ಟ್ ನಿಲ್ದಾಣದವರೆಗೆ ಮಾತ್ರ. ಅಲ್ಲಿಂದ ಮೇಲೆ ಹತ್ತುವ ಬೆಟ್ಟದ ರೈಲುಗಳಲ್ಲಿ ಬರೀ ರಿಯಾಯಿತಿ ಸಿಗುತ್ತದೆ, ಉಳಿದದ್ದು ಕೈಯಿಂದ ಕೊಡಬೇಕು. ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ಗಿಮ್ಮೆಲ್‌ವಾಲ್ಡ್‌ವರೆಗೂ, ಅದರ ಮೇಲಿನ ಮ್ಯೂರೆನ್‌ವರೆಗೂ ಬೇರೆ ಟಿಕೆಟ್ ಬೇಡ. ಇಲ್ಲೇ ನಾಲ್ಕಾರು ದಿನ ಇರುವವರು ಎರಡೂ ಪಾಸ್‌ಗಳ ಲೆಕ್ಕ ಹಾಕಿಯೇ ದುಡ್ಡು ಕಟ್ಟಿ. ಅಲ್ಲಿ ಎಲ್ಲವೂ ದುಬಾರಿ.

ಇಂಟರ್‌ಲಾಕೆನ್‌ನಿಂದ ಲೌಟರ್‌ಬ್ರುನ್ನೆನ್‌ಗೆ ರೈಲಿನಲ್ಲಿ ಇಪ್ಪತ್ತು ನಿಮಿಷ. ಎರಡೂ ಕಡೆ ನೆಟ್ಟಗೆ ನಿಂತ ಬಂಡೆಯ ಗೋಡೆಗಳು, ನಡುವೆ ಕಣಿವೆ. ಇಲ್ಲಿ 72 ಜಲಪಾತಗಳಿವೆ ಅನ್ನುತ್ತಾರೆ. ಊರಿನ ನೆತ್ತಿಯ ಮೇಲೆಯೇ ಬೀಳುವ ಶ್ಟೌಬ್‌ಬಾಖ್ ಸುಮಾರು 300 ಮೀಟರ್ ಎತ್ತರದ್ದು. ಅಲ್ಲಿಂದ ಬಸ್ಸು, ಆಮೇಲೆ ಕೇಬಲ್ ಕಾರ್. ನಮ್ಮ ಜೊತೆ ಹಾಲಿನ ಕ್ಯಾನು, ಸಿಮೆಂಟ್ ಚೀಲ, ಒಂದು ನಾಯಿ, ಶಾಲೆ ಮಕ್ಕಳು, ಎಲ್ಲರೂ ಮೇಲೆ ಬಂದರು.

ಯೂಂಗ್‌ಫ್ರಾವ್‌ಯೋಖ್‌ಗೂ ಹೋದೆವು. 3,454 ಮೀಟರ್ ಎತ್ತರದ ರೈಲು ನಿಲ್ದಾಣ, 1912ರಲ್ಲೇ ಕಟ್ಟಿದ್ದು. ಬೆಟ್ಟದ ಹೊಟ್ಟೆಯಲ್ಲಿ ಸುರಂಗ ಕೊರೆದವರಿಗೆ ಕೈ ಮುಗಿಯಬೇಕು. ಆದರೆ ಮೇಲೆ ಬರೀ ನೂಕುನುಗ್ಗಲು, ಚಾಕೊಲೇಟ್ ಅಂಗಡಿ. ನನಗೆ ಹಿಡಿಸಲಿಲ್ಲ. ಅದಕ್ಕಿಂತ ಟ್ರುಮ್ಮೆಲ್‌ಬಾಖ್ ಜಲಪಾತ ಎಷ್ಟೋ ಮೇಲು. ಐಗರ್, ಮ್ಯೋಂಶ್, ಯೂಂಗ್‌ಫ್ರಾವ್, ಈ ಮೂರು ಶಿಖರಗಳ ಹಿಮನದಿಗಳು ಕರಗಿದ ನೀರು ಬಂಡೆಯ ಒಳಗೇ ಧುಮುಕುತ್ತದೆ. ಸೆಕೆಂಡಿಗೆ 20,000 ಲೀಟರ್‌ವರೆಗೂ ಹರಿಯುತ್ತದಂತೆ. ಒಳಗೆ ನಿಂತರೆ ಕಾಲ ಕೆಳಗಿನ ಕಲ್ಲು ನಡುಗುತ್ತದೆ.

ಇನ್ನು ಹುಲ್ಲಿನ ವಿಷಯ. ನಾವು ಹೋದಾಗ ಜುಲೈ. ಬೆಳಿಗ್ಗೆ ಕಿಟಕಿ ತೆಗೆದರೆ ಯಂತ್ರದ ಸದ್ದು, ಹಸಿ ಹುಲ್ಲಿನ ವಾಸನೆ. ನಾವು ಇಳಿದುಕೊಂಡ ಮನೆಯ ಹಿಂದಿನ ಇಳಿಜಾರಿನಲ್ಲಿ ಒಂದು ಕುಟುಂಬ ಹುಲ್ಲು ಕೊಯ್ಯುತ್ತಿತ್ತು. ಆ ಇಳಿಜಾರಿನಲ್ಲಿ ಸುಮ್ನೆ ನಿಲ್ಲುವುದೇ ನನಗೆ ಕಷ್ಟ. ಮಗ ಮುಳ್ಳು ಚಕ್ರಗಳ ಯಂತ್ರವನ್ನು ಅಡ್ಡಡ್ಡ ತಳ್ಳಿಕೊಂಡು ಹೋಗುತ್ತಿದ್ದ. ಯಂತ್ರ ಹೋಗದ ಅಂಚುಗಳಲ್ಲಿ ಅಪ್ಪ ಉದ್ದ ಹಿಡಿಯ ಕುಡುಗೋಲು ಬೀಸುತ್ತಿದ್ದರು. ಎಪ್ಪತ್ತು ದಾಟಿದ ಅಜ್ಜಿ ಮರದ ಹಲ್ಲಿನ ಕುಂಟೆಯಿಂದ ಹುಲ್ಲು ಎಳೆಯುತ್ತಿದ್ದರು. ಮೊಮ್ಮಗಳು ಬೆನ್ನಿಗೆ ಗಾಳಿ ಊದುವ ಯಂತ್ರ ಕಟ್ಟಿಕೊಂಡು ಒಣಗಿದ ಹುಲ್ಲನ್ನು ಕೆಳಕ್ಕೆ ಊದುತ್ತಿದ್ದಳು. ಪೇಟೆಗಳಲ್ಲಿ ರಸ್ತೆಯ ತರಗೆಲೆ ಊದುತ್ತಾರಲ್ಲ, ಅದೇ ಯಂತ್ರ.

ನಮ್ಮ ಮನೆಯವರು ಸಾಗರದ ಕಡೆಯವರು. ದನ, ಹುಲ್ಲು ಕಂಡರೆ ಸುಮ್ಮನಿರುವ ಜಾತಿ ಅಲ್ಲ. ಮಧ್ಯಾಹ್ನ ಬೆಟ್ಟದ ಹಿಂದಿನಿಂದ ಮೋಡ ಏಳತೊಡಗಿತು. "ಮಳೆ ಬಂದರೆ ಇವರ ಹುಲ್ಲೆಲ್ಲ ಹೋಯ್ತು ಕಣೇ, ಬಾ" ಎಂದು ನನ್ನನ್ನೂ ಎಬ್ಬಿಸಿಕೊಂಡು ಹೋದರು. ಅಜ್ಜಿ ನಮ್ಮ ಚಪ್ಪಲಿ ನೋಡಿ ತಲೆ ಅಲ್ಲಾಡಿಸಿ, ಇಳಿಜಾರು ಕಡಿಮೆ ಇರುವ ಜಾಗ ತೋರಿಸಿ, ಎರಡು ಕುಂಟೆ ಕೊಟ್ಟರು. ಮಳೆ ಬರುವ ಹೊತ್ತಿಗೆ ಮುಕ್ಕಾಲು ಪಾಲು ಹುಲ್ಲು ಕಣಜ ಸೇರಿತ್ತು. ಉಳಿದದ್ದು ನೆನೆಯಿತು. ಯಾರೂ ಗೊಣಗಲಿಲ್ಲ.

ಆಮೇಲೆ ಅವರ ಅಡುಗೆಮನೆಯಲ್ಲಿ ಕೂತೆವು. ಅಜ್ಜಿಗೆ ಜರ್ಮನ್ ಬಿಟ್ಟು ಬೇರೆ ಬಾರದು. ಬರ್ನ್‌ನಲ್ಲಿ ಓದುವ ಮೊಮ್ಮಗಳು ಇಂಗ್ಲಿಷಿನಲ್ಲಿ ದಾಟಿಸುತ್ತಿದ್ದಳು.

"ಹಸುಗಳು ಎಲ್ಲಿ?" ಎಂದು ಇವರು ಕೇಳಿದರು. ಊರಲ್ಲಿ ಒಂದೂ ಕಾಣಿಸಿರಲಿಲ್ಲ. ಎಲ್ಲವೂ ಮೇಲಿನ ಬೆಟ್ಟದ ಹುಲ್ಲುಗಾವಲಿಗೆ ಹೋಗಿವೆ, ಜೂನ್‌ನಲ್ಲಿ ಹೋದರೆ ಸೆಪ್ಟೆಂಬರ್‌ನಲ್ಲಿ ಬರುತ್ತವೆ ಎಂದರು. ಹಸುಗಳು ಮೇಲೆ ಮೇಯುವಾಗ ಕೆಳಗಿನವರು ಚಳಿಗಾಲಕ್ಕೆ ಹುಲ್ಲು ಕೂಡಿಡಬೇಕು. ಹಲವು ಮನೆಗಳ ಹಸುಗಳು ಮೇಲೆ ಒಟ್ಟಿಗೇ ಇರುತ್ತವೆ. ಅಲ್ಲೇ ಸೌದೆ ಬೆಂಕಿಯ ಮೇಲೆ ತಾಮ್ರದ ಹಂಡೆ ಇಟ್ಟು ಚೀಸ್ ಮಾಡುತ್ತಾರೆ. ಯಾರ ಹಸು ಎಷ್ಟು ಹಾಲು ಕೊಟ್ಟಿತು ಎಂದು ಅಳೆದು ಬರೆದಿಡುತ್ತಾರೆ. ಕೊನೆಗೆ ಆ ಲೆಕ್ಕದಂತೆ ಚೀಸ್ ಹಂಚಿಕೊಳ್ಳುತ್ತಾರೆ. "ನಮ್ಮೂರ ಡೇರಿಯ ಹಾಗೇ ಆಯ್ತಲ್ಲ, ಪುಸ್ತಕದಲ್ಲಿ ಲೀಟರ್ ಬರೆಸೋದು" ಎಂದರು ಇವರು.

ಇಷ್ಟು ಕಡಿದಾದ ಜಾಗದ ಹುಲ್ಲು ಕೊಯ್ದು ಗಿಟ್ಟುತ್ತದಾ? ಇಲ್ಲವಂತೆ. ಸರ್ಕಾರ ದುಡ್ಡು ಕೊಡುತ್ತದೆ, ಇಳಿಜಾರು ಹೆಚ್ಚಿದಷ್ಟೂ ಹೆಚ್ಚು. 50 ಪರ್ಸೆಂಟಿಗಿಂತ, ಅಂದರೆ ನೂರು ಅಡಿ ಮುಂದೆ ಹೋದರೆ ಐವತ್ತು ಅಡಿ ಏರುವುದಕ್ಕಿಂತ, ಕಡಿದಾದ ಜಾಗಕ್ಕೆ ಎಲ್ಲಕ್ಕಿಂತ ಜಾಸ್ತಿ. ಬಿಟ್ಟಿ ದುಡ್ಡಲ್ಲ ಅದು ಎಂದರು ಅಜ್ಜಿ, ಸ್ವಲ್ಪ ಖಾರವಾಗಿಯೇ. ಕೊಯ್ಯದೆ ಬಿಟ್ಟ ಉದ್ದ ಹುಲ್ಲು ಚಳಿಗಾಲದಲ್ಲಿ ಮಲಗಿಕೊಳ್ಳುತ್ತದೆ. ಅದರ ಮೇಲೆ ಬಿದ್ದ ಹಿಮ ಜಾರಿ ಕೆಳಗಿನ ಮನೆಗಳ ಮೇಲೆ ಬರುತ್ತದೆ. ಕೆಲವು ವರ್ಷ ಬಿಟ್ಟರೆ ಪೊದೆ, ಆಮೇಲೆ ಕಾಡು. ನಾವು ಫೋಟೋ ಹೊಡೆಯುವ ಆ ಹಸಿರು, ಯಾರೋ ವರ್ಷವರ್ಷ ಬೆವರು ಸುರಿಸಿ ಉಳಿಸಿಕೊಂಡದ್ದು. ನನಗೆ ಇದು ಗೊತ್ತೇ ಇರಲಿಲ್ಲ.

ಅಜ್ಜಿ ಒಂದೂವರೆ ವರ್ಷಕ್ಕೂ ಹೆಚ್ಚು ಹಣ್ಣಾಗಿಸಿದ ಗಟ್ಟಿ ಚೀಸನ್ನು ಹೆರೆದು, ಸುರುಳಿ ಸುರುಳಿಯಾಗಿ ತಟ್ಟೆಗೆ ಹಾಕಿದರು. ನಾನು ಶುದ್ಧ ಸಸ್ಯಾಹಾರಿ. ಕೇಳದೆ ತಿನ್ನುವಂತಿಲ್ಲ, ಕೇಳಿದರೆ ಬೇಜಾರಾದೀತು. ಕೇಳಿದೆ: ಹಾಲು ಗಟ್ಟಿ ಮಾಡಲು ಏನು ಹಾಕುತ್ತೀರಿ? ಅಜ್ಜಿ ಮುಚ್ಚುಮರೆ ಇಲ್ಲದೆ ಹೇಳಿದರು: "ಕರುವಿನ ಹೊಟ್ಟೆಯಿಂದ ತೆಗೆದದ್ದು."

ನಾನು ತಟ್ಟೆ ಮುಟ್ಟಲಿಲ್ಲ. ಅವರಿಗೆ ಬೇಸರ ಆಗಲಿಲ್ಲ, ಆದರೆ ಮಾತನ್ನು ಅಲ್ಲಿಗೇ ಬಿಡಲೂ ಇಲ್ಲ. "ನೀವು ಹಾಲು ಕುಡಿಯುತ್ತೀರಿ ಅಲ್ವಾ? ಹಾಲು ಬೇಕಾದರೆ ಹಸು ಕರು ಹಾಕಬೇಕು. ಗಂಡು ಕರುಗಳನ್ನೆಲ್ಲ ಸಾಕುವಷ್ಟು ಹುಲ್ಲು ನಮ್ಮಲ್ಲಿಲ್ಲ. ನಿಮ್ಮಲ್ಲಿ ಏನು ಮಾಡುತ್ತೀರಿ?"

ಮೊಮ್ಮಗಳು ಹಿಂಜರಿಯುತ್ತಲೇ ದಾಟಿಸಿದಳು. ನನಗೆ ಉತ್ತರ ತೋಚಲಿಲ್ಲ. ಇವರು ಹೇಳಿದರು: "ನಮ್ಮಪ್ಪನ ಕಾಲದಲ್ಲಿ ಹೋರಿಗಳಿಗೆ ಗದ್ದೆಯಲ್ಲಿ ಕೆಲಸ ಇತ್ತು. ಈಗ ಟಿಲ್ಲರ್ ಬಂದಿದೆ. ಗಂಡು ಕರು ಕೊಟ್ಟಿಗೆಯಲ್ಲಿ ಉಳಿಯೋದಿಲ್ಲ. ಮಾರಿಬಿಡ್ತಾರೆ, ಎಲ್ಲಿಗೆ ಹೋಗುತ್ತೆ ಅಂತ ಯಾರೂ ಕೇಳೋದಿಲ್ಲ." ಅಜ್ಜಿ ಪೂರ್ತಿ ಕೇಳಿಸಿಕೊಂಡರು. ಎದ್ದು ಹೋಗಿ ನನಗೆ ಬ್ರೆಡ್ಡು, ಬೆಣ್ಣೆ ತಂದಿಟ್ಟರು. ಅಂಥ ಹಳದಿ ಬೆಣ್ಣೆ ನಾನು ಬೇರೆಲ್ಲೂ ತಿಂದಿಲ್ಲ. ಚೀಸ್ ಈಗಲೂ ನಾನು ಮುಟ್ಟುವುದಿಲ್ಲ. ಆದರೆ ಅವರ ಪ್ರಶ್ನೆ ಸರಿಯಾದದ್ದು, ಅದಕ್ಕೆ ನನ್ನ ಬಳಿ ಇನ್ನೂ ಉತ್ತರ ಇಲ್ಲ.

ನಮ್ಮಂಥವರು ಹೋಗುವುದಾದರೆ ಅಕ್ಕಿ, ಬೇಳೆ, ಸಾರಿನ ಪುಡಿ ಜೊತೆಗಿರಲಿ. ಅಡುಗೆಮನೆ ಇರುವ ಕೋಣೆಯನ್ನೇ ಹಿಡಿಯಿರಿ. ಊರಲ್ಲಿ ಕಾಯುವವರಿಲ್ಲದ ಒಂದು ಪುಟ್ಟ ಅಂಗಡಿ ಇದೆ, ಬೇಕಾದ್ದು ತೆಗೆದುಕೊಂಡು ದುಡ್ಡು ಹಾಕಿ ಬರುವುದು. ದಿನಸಿಗೆ ಮಾತ್ರ ಮ್ಯೂರೆನ್‌ಗೇ ಹತ್ತಬೇಕು.

ಆಗುವುದಾದರೆ ಸೆಪ್ಟೆಂಬರ್‌ನಲ್ಲಿ ಹೋಗಿ. ಹಸುಗಳು ಇಳಿಯುವುದನ್ನು ನೋಡಬಹುದು. ಥುನ್ ಸರೋವರದ ಮೇಲಿನ ಯುಸ್ಟಿಸ್‌ಟಾಲ್ ಕಣಿವೆಯಲ್ಲಿ ಚೀಸ್ ಗಾಲಿಗಳನ್ನು ಅಟ್ಟಿಗಳಾಗಿ ಪೇರಿಸಿ, ಚೀಟಿ ಎತ್ತಿ, ಹಾಲಿನ ಲೆಕ್ಕದಂತೆ ಹಂಚುವುದೂ ಆಗಲೇ. ನಮಗೆ ಅಲ್ಲಿಯವರೆಗೆ ಇರಲಾಗಲಿಲ್ಲ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೇ ಸಲ್ಲುವ ಷೆಂಗೆನ್ ವೀಸಾದಲ್ಲಿ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ನಮ್ಮ ಹೆಚ್ಚಿನ ದಿನಗಳು ದೊಡ್ಡ ಊರುಗಳಲ್ಲೇ ಕಳೆದುಹೋಗಿದ್ದವು.