ಕ್ಯಾಮೆರಾಕ್ಕೆ ನಮ್ಮ ಎರೆಮಣ್ಣಿನ ಕಪ್ಪು ಗೊತ್ತಿಲ್ಲ

ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ಆರು ವರ್ಷವಾಯಿತು. ಶನಿವಾರ ಬಂತೆಂದರೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಯಾರ್ಕ್‌ಶೈರ್ ಡೇಲ್ಸ್ ಎಂಬ ಕಣಿವೆಗಳ ಸೀಮೆ ಕಡೆ ಹೊರಡುತ್ತೇನೆ. ಹೊಲ, ಕುರಿ, ಕಲ್ಲಿನ ಗೋಡೆ, ಮೇವಿನ ಕೊಟ್ಟಿಗೆ, ನಾನು ತೆಗೆಯುವುದೆಲ್ಲ ಇವೇ. ಒಂದಿಷ್ಟು ಫೋಟೋ ಊರಿಗೆ ಕಳಿಸಿದ್ದೆ. ಅಪ್ಪ ಫೋನಿನಲ್ಲಿ ಕೇಳಿದ: "ಅಲ್ಲೋ ತಮ್ಮಾ, ಮಂದಿ ಹೊಲದ ಫೋಟೋ ಇಷ್ಟ್ ತಗದೀ, ನಮ್ಮ ಹೊಲದ್ದು ಒಂದರ ಐತೇನು ನಿನ್ನ ಹತ್ರ?"

ಇರಲಿಲ್ಲ. ತಾಳಿಕೋಟೆ ಹತ್ತಿರ, ಡೋಣಿ ದಂಡೆಯ ಎರೆಹೊಲ ನಮ್ಮದು. ಓದಲು ಊರು ಬಿಡುವ ತನಕ ಅದರ ಬದುವಿನ ಮೇಲೇ ಓಡಾಡಿದವನು ನಾನು. ಆದರೂ ಒಂದೂ ಫೋಟೋ ಇರಲಿಲ್ಲ.

ಇಲ್ಲಿ ಇಂಗ್ಲೆಂಡಿನಲ್ಲಿ ಬೇರೆಯವರ ಹೊಲದೊಳಗೆ ಹಾಯ್ದು ಹೋಗಲು ಎಲ್ಲರಿಗೂ ದಾರಿ ಇದೆ. 1949ರಲ್ಲಿ ಒಂದು ಕಾನೂನು ಬಂತು, ಅದರಂತೆ ಈ ಕಾಲುದಾರಿಗಳನ್ನು ನಕ್ಷೆಗೆ ಏರಿಸಿದರು. ಕಂಬದ ಮೇಲೆ ಹಳದಿ ಬಾಣ ಕಂಡರೆ ಯಾರನ್ನೂ ಕೇಳದೆ ನಡೆಯಬಹುದು. ದಾರಿ ಬಿಟ್ಟು ಕಾಲಿಡಬಾರದು ಅಷ್ಟೇ. ಸ್ವೇಲ್‌ಡೇಲ್ ಕಣಿವೆಯಲ್ಲಿ ಮ್ಯೂಕರ್ ಅಂತ ಸಣ್ಣ ಊರಿದೆ, ಜೂನ್‌ನಲ್ಲಿ ಅಲ್ಲಿನ ಹುಲ್ಲುಗಾವಲಿನ ತುಂಬ ಕಾಡುಹೂ. ಅಲ್ಲಿ ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಡೆಯಿರಿ ಎಂದು ಬೋರ್ಡು ಹಾಕಿದ್ದಾರೆ. ನಮಗೆ ಹೂವಾಗಿ ಕಂಡದ್ದು ಅವರಿಗೆ ಚಳಿಗಾಲದ ಮೇವು. ಮೇವು ತುಳಿದರೆ ನಮ್ಮಲ್ಲೂ ಬೈಯುತ್ತಾರಲ್ವಾ, ಹಾಗೇ.

ಮೊದಲ ವರ್ಷ ನಾನೊಂದು ತಪ್ಪು ಮಾಡಿದೆ. ಒಂದು ಹೊಲದ ಗೇಟು ತೆರೆದಿತ್ತು. ಕುರಿ ಹೊರಗೆ ಹೋಗಬಾರದು ಅಂತ ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಎಪ್ಪತ್ತರ ಆಸುಪಾಸಿನ ರೈತರೊಬ್ಬರು ಬಂದರು. ನೀರು ಪಕ್ಕದ ಹೊಲದಲ್ಲಿದೆ, ಕುರಿ ಅಲ್ಲಿಗೆ ಹೋಗಲಿ ಎಂದೇ ತೆರೆದಿಟ್ಟಿದ್ದೆ ಅಂದರು. ಗೇಟು ಹೇಗಿತ್ತೋ ಹಾಗೇ ಬಿಡಬೇಕು, ಅದು ಇಲ್ಲಿನ ನಿಯಮ. ಆಮೇಲೆ ಅವರೇ ಗೋಡೆಯ ಬುಡದಲ್ಲಿದ್ದ ಒಂದು ಚೌಕದ ಕಿಂಡಿ ತೋರಿಸಿದರು. ಗಾರೆ ಇಲ್ಲದೆ ಬರೀ ಕಲ್ಲು ಜೋಡಿಸಿ ಕಟ್ಟಿದ ಗೋಡೆ ಅದು, ಅಲ್ಲಿ ಕಲ್ಲು ಬಿದ್ದಿದೆ ಎಂದುಕೊಂಡಿದ್ದೆ ನಾನು. ಕುರಿ ಈ ಹೊಲದಿಂದ ಆ ಹೊಲಕ್ಕೆ ನುಸುಳಲು ಕಟ್ಟುವಾಗಲೇ ಬಿಟ್ಟ ಕಿಂಡಿಯಂತೆ. ಅವತ್ತಿನಿಂದ ಹೊಲದಲ್ಲಿ ಯಾರಾದರೂ ಕಂಡರೆ ಮೊದಲು ಮಾತಾಡಿಸುತ್ತೇನೆ, ಕ್ಯಾಮೆರಾ ಆಮೇಲೆ.

ಬೆಳಕಿನ ವಿಷಯದಲ್ಲಿ ಈ ನಾಡು ಪುಣ್ಯ ಮಾಡಿದೆ. ಡಿಸೆಂಬರ್‌ನಲ್ಲಿ ನಡುಮಧ್ಯಾಹ್ನವೂ ಸೂರ್ಯ ಮೇಲೇರುವುದಿಲ್ಲ, ಮನುಷ್ಯನ ನೆರಳು ಅವನ ನಾಲ್ಕು ಪಟ್ಟು ಉದ್ದ ಬೀಳುತ್ತದೆ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಗೂ ಸಂಜೆಬಿಸಿಲು. ನಮ್ಮಲ್ಲಿ ಹಾಗಲ್ಲ. ಮೇ ತಿಂಗಳಲ್ಲಿ ನೆರಳು ಕಾಲ ಕೆಳಗೇ ಕೂತಿರುತ್ತದೆ, ಸಂಜೆ ಹೊನ್ನಿನ ಬಿಸಿಲು ಬಂತು ಅನ್ನುವಷ್ಟರಲ್ಲಿ ಕತ್ತಲು.

ಅಪ್ಪನ ಮಾತು ಕೊರೆಯುತ್ತಿತ್ತು. ಎಳ್ಳ ಅಮಾವಾಸ್ಯೆಗೆ ಊರಿಗೆ ಹೋದೆ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಯ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿದರು. ನಾನು ಕಡಲೆ ಹೊಲದ ಫೋಟೋ ತೆಗೆದೆ. ನೋಡಿದರೆ ಮಣ್ಣು ಬೂದಿ ಬಣ್ಣ! ಕ್ಯಾಮೆರಾ ಏನನ್ನು ಕಂಡರೂ ನಡುವಿನ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಡೇಲ್ಸ್‌ನ ಹಿಮವನ್ನು ಹೀಗೇ ಮಬ್ಬು ಮಾಡುತ್ತದೆ, ಅಲ್ಲಿ ನಾನು ಬೆಳಕು ಜಾಸ್ತಿ ಮಾಡುತ್ತೇನೆ. ನಮ್ಮ ಹೊಲದಲ್ಲಿ ಒಂದು ಸ್ಟಾಪ್, ಅಂದರೆ ಬೆಳಕನ್ನು ಅರ್ಧಕ್ಕೆ, ಕಡಿಮೆ ಮಾಡಿದೆ. ಆಗ ಬಂತು ನೋಡಿ, ನಮ್ಮ ಎರೆಯ ನಿಜವಾದ ಕಪ್ಪು. ಊರಲ್ಲಿ ಫೋಟೋ ತೆಗೆಯುವವರು ಇದೊಂದು ಮಾಡಿ ನೋಡಿ, ಮೊಬೈಲಿನಲ್ಲೂ ಪರದೆ ಮುಟ್ಟಿ ಬೆಳಕನ್ನು ಕೆಳಗೆ ಎಳೆಯಬಹುದು.

ಕಾಕಾನ ಕಡೆ ಕ್ಯಾಮೆರಾ ತಿರುಗಿಸಿದೆ. "ತಡಿಯೋ, ರುಮಾಲು ಸುತ್ಕೋತೀನಿ" ಅಂದ. ಕಾದೆ. ಸುತ್ತಿಕೊಂಡು, ಎತ್ತಿನ ಕೊಂಬಿನ ಮೇಲೆ ಕೈಯಿಟ್ಟು ನೆಟ್ಟಗೆ ನಿಂತ. ನಕ್ಕೂ ನಗದ ಮುಖ. ಕೆಲಸದಲ್ಲಿದ್ದಾಗ ಗೊತ್ತಾಗದಂತೆ ತೆಗೆಯಬೇಕು ಎಂದು ಬಹಳ ಮಂದಿ ಹೇಳುತ್ತಾರೆ. ನನಗೆ ಆ ರುಮಾಲಿನ ಫೋಟೋನೇ ಇಷ್ಟ. ಅವನು ಹೇಗೆ ಕಾಣಬೇಕು ಅನ್ನುವುದು ಅವನ ಹಕ್ಕು.

ರಾತ್ರಿ ಲ್ಯಾಪ್‌ಟಾಪಿನಲ್ಲಿ ಅಪ್ಪನಿಗೆ ಎಲ್ಲ ತೋರಿಸಿದೆ. ಜೋಳದ ತೆನೆಗಳ ಹಿಂದೆ ಸೂರ್ಯ ಮುಳುಗುತ್ತಿದ್ದ ಫೋಟೋ ಬಂದಾಗ ಸುಮ್ನೆ ನೋಡಿದ. ಕಡಲೆ ಹೊಲದ್ದು ಬಂದಾಗ ಮುಂದೆ ಬಗ್ಗಿದ.

"ಈ ಮೂಲಿ ದೊಡ್ಡದು ಮಾಡಿ ತೋರಸು."

ಮಾಡಿದೆ. ಮಳೆಗಾಲದ ನೀರು ಬದುವನ್ನು ಕೊರೆದು ಹೋದ ಜಾಗ, ಅಲ್ಲಿ ಮಣ್ಣು ಜಾರಿತ್ತು. ನಾನು ಫೋಟೋ ತೆಗೆದವನು, ನನಗೆ ಅದು ಕಂಡೇ ಇರಲಿಲ್ಲ.

"ಬದು ಒಡದೈತಿ" ಅಂದ.

ಬೆಳಿಗ್ಗೆ ಎದ್ದು ನೋಡಿದರೆ ಸಲಿಕೆ ಹಿಡಿದು ಹೊರಟಿದ್ದ. ಪಡಸಾಲೆಯಲ್ಲಿದ್ದ ಇನ್ನೊಂದು ಸಲಿಕೆ ತೆಗೆದುಕೊಂಡು ನಾನೂ ಹಿಂದೆ ಹೋದೆ.